ಎಷ್ಟು ದಿಂಬು ಇಟ್ಕಂಡು ಮಲಗ್ತೀಯವ್ವಾ?

ಶ್ರೀರಂಗಪಟ್ಟಣದ ಹಳೇ ಮನೆಯೊಂದರ ಜಗಲಿ, ಪುಷ್ಯ ಮಾಸದ ಸಂಜೆ. ನೆನೆಸಿದ ಅವರೆಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಇಬ್ಬರು ಹಿತುಕುತ್ತಿದ್ದಾರೆ. ಒಬ್ಬರು ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಸುತ್ತಿ ಕೊನೆಗೆ ಇದೇ ಊರಲ್ಲಿ ನಿವೃತ್ತರಾದ ನರ್ಸಮ್ಮ. ಇನ್ನೊಬ್ಬಳು ಅವರ ತಂಗಿಯ ಮಗಳು, ತಾಲ್ಲೂಕು ಆಸ್ಪತ್ರೆಯೊಂದರ ಡಾಕ್ಟರು.

— ಕೈಯಲ್ಲಿ ಕಾಳು ಹಿಡ್ಕಂಡು ಫೋನ್ ನೋಡ್ತಾ ಕೂತಿದ್ದೀಯಲ್ಲ ಮಗಾ, ಆಸ್ಪತ್ರೆಯಿಂದಾನಾ?

— ಹೂಂ ದೊಡ್ಡಮ್ಮ. ಮೊನ್ನೆ ರಾತ್ರಿ ಒಬ್ಬ ಬಾಣಂತೀನ ಮೈಸೂರಿಗೆ ಕಳಿಸಿದ್ವಲ್ಲ, ವೆಂಟಿಲೇಟರ್ ತೆಗೆದರಂತೆ. ಉಳಿದುಕೊಂಡಳು.

— ಏನಾಗಿತ್ತು? ರಕ್ತ ಹೋಗಿತ್ತಾ?

— ಅದಾಗಿದ್ರೆ ನಮಗೆ ಅರ್ಥ ಆಗ್ತಿತ್ತು. ಎರಡನೇ ಹೆರಿಗೆ, ನಾರ್ಮಲ್. ಮಗು ಅತ್ತಿತು, ಮಾಸು ಬಿತ್ತು, ರಕ್ತಸ್ರಾವ ಎಷ್ಟಿರಬೇಕೋ ಅಷ್ಟೇ. ಅವರಮ್ಮ ಆಗಲೇ ವಾರ್ಡಲ್ಲಿ ಸಕ್ಕರೆ ಹಂಚ್ತಿದ್ದರು. ಒಂದು ಗಂಟೆ ಕಳೆದಿರಬೇಕು, ಕೆಮ್ಮು ಶುರುವಾಯ್ತು. ಮಲಗಿಸಬೇಡಿ, ಎತ್ತಿ ಕೂರಿಸಿ ಅಂತ ಕೈ ಹಿಡಿದು ಎಳೀತಾಳೆ. ಬಾಯಲ್ಲಿ ನಸುಗೆಂಪು ನೊರೆ. ಸ್ಟೆತ್ ಇಟ್ಟರೆ ಬೆನ್ನಿನ ಎರಡೂ ಕಡೆ ಎಸರು ಕುದಿಯೋ ಹಾಗೆ ಸದ್ದು. ಡ್ರಿಪ್ ನಿಲ್ಲಿಸಿ, ಲ್ಯಾಸಿಕ್ಸ್ ಕೊಟ್ಟು, ಆಕ್ಸಿಜನ್ ಹಾಕಿ, ಕೂರಿಸಿಕೊಂಡೇ 108ರಲ್ಲಿ ಕಳಿಸಿದ್ವಿ. ಅಲ್ಲಿ ಎಕೋ ಮಾಡಿದ ಮೇಲೆ ಗೊತ್ತಾಯ್ತು, ಮಿಟ್ರಲ್ ಕವಾಟ ಕಿರಿದಾಗಿದೆ. ನಿನ್ನೆ ಮೊನ್ನೆಯದಲ್ಲ, ಹತ್ತಾರು ವರ್ಷದ್ದು.

— ಅವಳಿಗೆ ಗೊತ್ತಿರಲಿಲ್ಲ.

— ಯಾರಿಗೂ ಗೊತ್ತಿರಲಿಲ್ಲ. ಒಂಬತ್ತು ತಿಂಗಳೂ ತಪಾಸಣೆಗೆ ಬಂದಿದ್ದಾಳೆ. ಆಮೇಲೆ ಕೂತು ತಾಯಿ ಕಾರ್ಡ್ ತಿರುವಿದೆ. ಹೃದಯ ಅಂತ ಒಂದು ಚೌಕ ಇದೆಯಲ್ಲ, ಅದರಲ್ಲಿ 'ಎನ್' ಅಂತ ಬರೆದಿತ್ತು.

— ನಾರ್ಮಲ್ಲು.

— ಹೂಂ. ನಾರ್ಮಲ್ಲು.

— ಆ 'ಎನ್' ನಾನೂ ಬರ್ದಿದ್ದೀನಿ ಕಣವ್ವ. ಎಷ್ಟು ಸಾವಿರ ಬರ್ದಿದ್ದೀನೋ. ತೂಕ ನಿಲ್ಲಿಸಿ ನೋಡ್ತಿದ್ದೆ, ಬಿಪಿ ಪಟ್ಟಿ ಕಟ್ತಿದ್ದೆ, ಬೆರಳು ಚುಚ್ಚಿ ಎಚ್‌ಬಿ ನೋಡ್ತಿದ್ದೆ. ಹೊಟ್ಟೆ ಮೇಲೆ ಕೊಳವೆ ಇಟ್ಟು ಮಗೀನ ಎದೆಬಡಿತ ಎಣಿಸ್ತಿದ್ದೆ. ತಾಯಿ ಎದೆ ಮಾತ್ರ ಬರೇ ಬರವಣಿಗೆ. ಸರದಿಯಲ್ಲಿ ನಲವತ್ತು ಜನ ನಿಂತಿರೋರು, ಡಾಕ್ಟ್ರು ಬರೋದ್ರೊಳಗೆ ಕಾರ್ಡು ತುಂಬಿರಬೇಕು. ಡಾಕ್ಟ್ರೂ ಅದನ್ನ ನೋಡಿ, ನರ್ಸಮ್ಮ ಬರೆದವ್ರೆ ಅಂತ ಮುಂದಕ್ಕೆ ಹೋಗೋರು.

— ನಾನೂ ಹಾಗೇ ಮುಂದಕ್ಕೆ ಹೋಗಿದ್ದೀನಿ. ಹೇಳೋಕೆ ನಾಚಿಕೆ ಆಗುತ್ತೆ.

— ಅದಿರಲಿ, ನಂಗೊಂದು ಬಿಡಿಸಿ ಹೇಳು. ಅಷ್ಟು ದಿನ ತಡಕಂಡಿದ್ದ ಹೃದಯ, ಹೆರಿಗೆ ಮುಗಿದ ಮೇಲೆ ಯಾಕೆ ಕೈ ಕೊಡ್ತದೆ? ಮಗೀನ ಭಾರ ಇಳೀತಲ್ಲ, ಹಗುರಾಗಬೇಕಲ್ವಾ?

— ಎಲ್ಲರೂ ಎಡವೋದು ಅಲ್ಲೇ. ಬಸುರಿ ಮೈಯಲ್ಲಿ ರಕ್ತ ನೂರಕ್ಕೆ 40ರಿಂದ 50 ಪಾಲು ಹೆಚ್ಚಾಗುತ್ತೆ. ಅಷ್ಟನ್ನೂ ಹೃದಯ ತಿರುಗಿಸಬೇಕು. ಒಳ್ಳೆ ಕವಾಟ 4ರಿಂದ 6 ಚದರ ಸೆಂಟಿಮೀಟರ್ ಬಾಯಿ ಬಿಡುತ್ತೆ. ಅದು ಒಂದೂವರೆಗಿಂತ ಕಡಿಮೆ ಆದ್ರೆ...

— ತೂಬು ಕಟ್ಟಿಕೊಂಡ ನಾಲೆ ಅನ್ನು. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟವ್ರೆ, ಊರ ತೂಬಿನ ಬಾಯಿ ಹೂಳು ತುಂಬ್ಕಂಡದೆ. ನೀರು ಮುಂದಕ್ಕೆ ಹೋಗಲ್ಲ, ಹಿಂದಿನ ಏರಿ ಜಿನುಗ್ತದೆ.

— ಅದೇ. ಹೃದಯದ ಹಿಂದೆ ಇರೋ ಏರಿ ಅಂದ್ರೆ ಶ್ವಾಸಕೋಶ. ಹೆರಿಗೆ ನೋವಲ್ಲಿ ಗರ್ಭಕೋಶ ಒಂದೊಂದು ಸಲ ಬಿಗಿದಾಗಲೂ 300ರಿಂದ 500 ಮಿಲಿ ರಕ್ತ ಮೈಗೆ ನುಗ್ಗುತ್ತೆ. ಮಗು ಹೊರಗೆ ಬಂದ ಮೇಲೆ ಗರ್ಭಕೋಶ ಕುಗ್ಗಿ ತನ್ನಲ್ಲಿದ್ದ ರಕ್ತ ಹಿಂಡುತ್ತೆ, ಹೊಟ್ಟೆಯ ದೊಡ್ಡ ರಕ್ತನಾಳದ ಮೇಲಿದ್ದ ಒತ್ತಡವೂ ಹೋಗುತ್ತೆ. ಎಲ್ಲಾ ತೂಬನ್ನೂ ಒಟ್ಟಿಗೆ ಎತ್ತಿದ ಹಾಗೆ. ಮೊದಲ ಒಂದೆರಡು ದಿನವೇ ಗಂಡಾಂತರ. ನಾವೋ ಸುಸ್ತಾಗಿದ್ದಾಳೆ ಅಂತ ಇನ್ನೊಂದು ಬಾಟಲಿ ಏರಿಸ್ತೀವಿ. ರಕ್ತ ನಿಲ್ಲಲಿ ಅಂತ ಮೆಥರ್ಜಿನ್ ಕೊಟ್ಟರಂತೂ ರಕ್ತನಾಳ ಬಿಗಿದು ಇನ್ನೂ ಕೇಡು. ಕಾಯಿಲೆ ಗೊತ್ತಿದ್ರೆ ಆ ಇಂಜೆಕ್ಷನ್ ಮುಟ್ಟೋದೇ ಇಲ್ಲ. ಆಕ್ಸಿಟೋಸಿನ್ ಕೂಡ ನಿಧಾನಕ್ಕೆ ಹನಿಸ್ತೀವಿ.

— ಗೊತ್ತಿದ್ರೆ.

— ಹೂಂ, ಗೊತ್ತಿದ್ರೆ. ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜಿನವರು 2016ರಿಂದ 2019ರವರೆಗೆ ಹೃದ್ರೋಗ ಇದ್ದ 1005 ಬಸುರಿಯರ ಲೆಕ್ಕ ಇಟ್ಟರು. ಅವರಲ್ಲಿ ನೂರಕ್ಕೆ 42 ಜನಕ್ಕೆ ಕಾಯಿಲೆ ಇದೆ ಅಂತ ಗೊತ್ತಾಗಿದ್ದೇ ಬಸುರಾದ ಮೇಲೆ. ನೂರಕ್ಕೆ 60 ಜನರದ್ದು ರುಮ್ಯಾಟಿಕ್ ಜ್ವರದಿಂದ ಬಂದ ಹೃದ್ರೋಗ. ನಮ್ಮ ಕಡೆ ಬೇರೆ ಥರ ಇರುತ್ತೆ ಅಂತ ನನಗನ್ನಿಸಲ್ಲ.

— ಒಂದು ವಿಷಯ ಹೇಳ್ತೀನಿ, ನಿಮ್ಮಮ್ಮನಿಗೂ ಹೇಳಿಲ್ಲ. ಕೆ.ಆರ್. ಪೇಟೆ ಕಡೆ ಇದ್ದಾಗ. 108 ಇನ್ನೂ ಬಂದಿರಲಿಲ್ಲ, ಅದು ಬಂದಿದ್ದು 2008ರಲ್ಲಿ. ನನ್ನ ಉಪಕೇಂದ್ರದ ಹಳ್ಳಿಗೆ ನಾಗಮಂಗಲ ಕಡೆಯಿಂದ ಬಂದ ಸೊಸೆ, ಚೊಚ್ಚಲು. ಕಾರ್ಡು ಬರ್ದೋಳು ನಾನೇ. ಏಳು ತಿಂಗಳಿಗೆ ಮಡ್ಲು ತುಂಬಿ ತವರಿಗೆ ಕಳಿಸಿದ್ರು. ಹೆರಿಗೆಯಾಗಿ ಮೂರನೇ ದಿನ ಹೋಗ್ಬಿಟ್ಟಳು. ಅಲ್ಲಿ ಏನಂದ್ರು ಅಂದ್ರೆ, ಬಾಣಂತಿ ಸನ್ನಿ.

— ಸನ್ನಿ. ಆ ಒಂದು ಮಾತಿನ ಕೆಳಗೆ ಎಷ್ಟು ಹೃದಯ ಹೂತು ಹೋಗಿದೆಯೋ!

— ಕೇಳು. ನಾನು ಗಂಡನ ಮನೆಗೆ ಮಾತಾಡಿಸಕ್ಕೆ ಹೋದೆ. ಅತ್ತೆ ಅನ್ನೋಳು ಅಳ್ತಾ ಅಳ್ತಾ ಕೋಣೆ ತೋರಿಸಿದ್ಲು. ಗೋಡೆ ಪಕ್ಕ ಒಂದು ರಾಗಿ ಮೂಟೆ. ಇಲ್ಲಿದ್ದ ಕೊನೇ ಒಂದು ತಿಂಗಳು ನನ್ನ ಸೊಸೆ ಮಲಗ್ತಾನೇ ಇರಲಿಲ್ಲ ನರ್ಸಮ್ಮ, ಇದಕ್ಕೆ ಒರಗಿ ಕೂತೇ ನಿದ್ದೆ ಮಾಡೋಳು, ಹೊಟ್ಟೆ ಭಾರ ಅಲ್ವಾ ಅಂದ್ಲು. ಮೂಟೆ ನಡುವೆ ಗುಳಿ ಬಿದ್ದಿತ್ತು ಮಗಾ. ಅವಳ ಬೆನ್ನಿನ ಗುಳಿ. ನಾನು ಪ್ರತಿ ವಾರ ಆ ಬೀದಿಗೆ ಹೋಗ್ತಿದ್ದೋಳು, ಜಗಲಿ ಮೇಲೆ ಕೂತು ಕಬ್ಬಿಣದ ಮಾತ್ರೆ ಕೊಟ್ಟು ಬತ್ತಿದ್ದೆ. ಒಂದು ದಿನ ಒಳಕ್ಕೆ ಹೋಗಿ, ಎಲ್ಲಿ ಮಲಗ್ತೀಯವ್ವಾ ಅಂತ ಕೇಳಲಿಲ್ಲ.

— ನೀವು ಕೇಳಿದ್ದಿದ್ರೂ ಆಗಿನ ಕಾಲಕ್ಕೆ ಎಕೋ ಎಲ್ಲಿತ್ತು ದೊಡ್ಡಮ್ಮ, ಹಳ್ಳಿಯೋರಿಗೆ?

— ಸಮಾಧಾನ ಹೇಳಬೇಡ. ಮೈಸೂರಿತ್ತು. ಬಸ್ಸಿತ್ತು. ಅಲ್ಲಿ ಮಿಷನ್ ಆಸ್ಪತ್ರೆ 1906ರಿಂದ ಇತ್ತು. ಬೆಳ್ಳೂರು ಕ್ರಾಸಿನಲ್ಲಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜು 1986ರಲ್ಲೇ ಶುರುವಾಗಿತ್ತು, ನಾಗಮಂಗಲದೋರಿಗೆ ಅದು ಹಿತ್ತಲ ಬಾಗಿಲು. ನಾವು ಕಳಿಸಬೇಕಿತ್ತು ಅಷ್ಟೇ.

— ನೀವು ಹೇಳಿದ್ದರಲ್ಲಿ ನನಗೆ ಇನ್ನೊಂದು ಕಾಣ್ತಿದೆ. ಏಳು ತಿಂಗಳು ಅಂದ್ರಲ್ಲ. ಮೈಯಲ್ಲಿ ರಕ್ತ ಏರಿ ಏರಿ ಹೆಚ್ಚುಕಡಿಮೆ ತುದಿ ಮುಟ್ಟೋದು 28ರಿಂದ 32 ವಾರಕ್ಕೆ. ಕವಾಟ ಕಿರಿದಾಗಿದ್ರೆ ಉಸಿರು ಕಟ್ಟೋಕೆ ಶುರುವಾಗೋದೂ ಆಗಲೇ. ಸರಿಯಾಗಿ ಅದೇ ಹೊತ್ತಿಗೆ ನಾವು ಬಳೆ ತೊಡಿಸಿ, ಮಡಿಲು ತುಂಬಿ ಹುಡುಗೀನ ಒಂದು ತಾಲ್ಲೂಕಿಂದ ಇನ್ನೊಂದು ತಾಲ್ಲೂಕಿಗೆ ಸಾಗಿಸ್ತೀವಿ. ಆರು ತಿಂಗಳು ನೋಡಿದ ನರ್ಸು ಅಲ್ಲೇ ಉಳೀತಾಳೆ. ಮುಂಚೆ ಹೇಗಿದ್ದಳು ಅನ್ನೋದು ತವರಿನ ನರ್ಸಿಗೆ ಗೊತ್ತಿಲ್ಲ. ಅವಳ ಕೈಗೆ ಸಿಗೋದು ಕಾರ್ಡು. ಕಾರ್ಡಲ್ಲಿ 'ಎನ್'.

— ಆರು ತಿಂಗಳಲ್ಲಿ ನೀರು ಸೇದ್ತಿದ್ದಳಾ, ಮೆಟ್ಟಲು ಹತ್ತುತಿದ್ದಳಾ ಅಂತ ಅತ್ತೆಗೆ ಗೊತ್ತು. ಚಿಕ್ಕಂದಿನಲ್ಲಿ ಮಂಡಿ ಊದ್ಕಂಡು ತಿಂಗಳುಗಟ್ಟಲೆ ಇಸ್ಕೂಲಿಗೆ ಹೋಗಲಿಲ್ಲ ಅಂತ ಅವ್ವಂಗೆ ಗೊತ್ತು. ಇಬ್ಬರನ್ನೂ ಒಂದು ಕಡೆ ಕೂರಿಸಿ ಕೇಳಿದೋರು ಯಾರೂ ಇಲ್ಲ. ಕೇಳಿದ್ರೂ ಅವ್ವ ಬಾಯಿ ಬಿಡಲ್ಲ.

— ಯಾಕೆ?

— ಡಾಕ್ಟ್ರಾಗಿದ್ದೀಯಲ್ಲ, ಇದು ತಿಳೀದಾ? ಹೆಣ್ಣಿಗೆ ಎದೆ ಕಾಯಿಲೆ ಅದೆ ಅಂದ್ರೆ ಗಂಡು ಬತ್ತದಾ? ಪಾಂಡವಪುರದಲ್ಲಿದ್ದಾಗ ಒಬ್ಬ ಹುಡುಗಿ ಇಪ್ಪತ್ತೊಂದು ದಿನಕ್ಕೊಂದು ಸಲ ಪೆನಿಡ್ಯೂರ್ ಚುಚ್ಚಿಸ್ಕಳಕ್ಕೆ ಬತ್ತಿದ್ದಳು. ಸಣ್ಣದರಲ್ಲಿ ಅದೇ ರುಮ್ಯಾಟಿಕ್ ಜ್ವರ, ಗಂಟಲು ನೋವು ಬಂದು, ಕೀಲು ಊದಿ, ಎದೆಗೆ ತಗುಲಿತ್ತು. ಮದುವೆ ಗೊತ್ತಾದ ತಿಂಗಳಿಂದ ಬರೋದು ನಿಲ್ಲಿಸಿದ್ಲು. ಮನೆಗೆ ಹೋಗಿ ಕೇಳಿದ್ರೆ ಅವರಪ್ಪ ಕೈ ಮುಗಿದ, ಆ ಮಾತು ಎತ್ತಬೇಡಿ ನರ್ಸಮ್ಮ ಅಂತ. ಚೀಟಿಗಳನ್ನೆಲ್ಲ ಒಲೆಗೆ ಹಾಕಿದ್ರು.

— ಆ ಇಂಜೆಕ್ಷನ್ ಬಸುರಲ್ಲೂ ಕೊಡಬಹುದು, ಮಗುವಿಗೆ ತೊಂದರೆ ಇಲ್ಲ. ಎಷ್ಟೋ ಜನ ನಿಲ್ಲಿಸಿಬಿಡ್ತಾರೆ. ಶಾಲೆಗಳಿಗೆ 2013ರಿಂದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಹೋಗುತ್ತೆ, ಅವರು ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ, ಹುಟ್ಟಿನಿಂದ ಬರೋ ಹೃದಯದ ದೋಷವೂ ಇದೆ. ಎಂಟನೇ ಕ್ಲಾಸಲ್ಲಿ ಗೊತ್ತಾಗಿದ್ದು ಇಪ್ಪತ್ತೆರಡನೇ ವಯಸ್ಸಿನ ತಾಯಿ ಕಾರ್ಡಿಗೆ ಬಂದು ಸೇರಲ್ಲ.

— ಹುಟ್ಟಿನಿಂದ ಅಂದ್ಯಲ್ಲ. ಸೋದರಮಾವನಿಗೆ ಕೊಟ್ಟವರ ಮಕ್ಕಳಲ್ಲಿ ಜಾಸ್ತಿ ಅಂತಾರಲ್ಲ, ದಿಟವಾ?

— ದಿಟ. ಮೈಸೂರು ವಿಶ್ವವಿದ್ಯಾಲಯದವರೇ 2006ರಲ್ಲಿ ಪ್ರಕಟಿಸಿದ್ದಾರೆ. ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಹೃದಯದ ದೋಷ ಹೆಚ್ಚು ಕಾಣ್ತದೆ ಅಂತ.

— ಸರಿ ಬಿಡು. ನೀವು ಡಾಕ್ಟ್ರುಗಳು ಓದೋ ಪುಸ್ತಕದಲ್ಲಿ ಇದನ್ನ ಹೆಂಗೆ ಪತ್ತೆ ಮಾಡು ಅಂತ ಬರ್ದವ್ರೆ? ಎಲ್ಲಾ ಬಸುರೀರೂ ಏದುಸಿರು ಬಿಡ್ತಾರೆ, ಎಲ್ಲರ ಕಾಲೂ ಊದ್ತದೆ.

— ಅದೇ ತೊಡಕು. ಸಹಜವಾದದ್ದೂ ಕಾಯಿಲೆಯೂ ಒಂದೇ ಸೀರೆ ಉಟ್ಟಿರುತ್ತವೆ. ಮೆಟ್ಟಿಲು ಹತ್ತಿದಾಗ ಏದುಸಿರು ಬಂದು, ನಿಂತರೆ ಕಡಿಮೆ ಆದ್ರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಅಂಗಾತ ಮಲಗಿದ್ರೆ ಉಸಿರು ಕಟ್ಟುತ್ತೆ, ನಡುರಾತ್ರಿ ಉಸಿರಿಗಾಗಿ ಎದ್ದು ಕೂರ್ತಾಳೆ, ಮಲಗಿದ ತಕ್ಷಣ ಕೆಮ್ಮು, ಸುಮ್ಮನೆ ಕೂತಿದ್ದಾಗ ಎದೆ ಡವಗುಟ್ಟುತ್ತೆ, ಕಣ್ಣು ಕತ್ತಲಿಟ್ಟು ಬೀಳ್ತಾಳೆ, ಇವು ಬಸುರಿನ ಲಕ್ಷಣ ಅಲ್ಲ. ಪುಸ್ತಕದಲ್ಲಿ ಒಂದು ಪ್ರಶ್ನೆ ಕಲಿಸಿಕೊಡ್ತಾರೆ, ಎಷ್ಟು ದಿಂಬು ಇಟ್ಟುಕೊಂಡು ಮಲಗ್ತೀಯ ಅಂತ.

— ಹಹ್ಹ! ಅದನ್ನ ನಾನೂ ಕೇಳಿದ್ದೆ ಕಣೆ. ಆ ಮೂಟೆ ನೋಡಿದ ಮೇಲೆ ಒಬ್ಬ ಡಾಕ್ಟ್ರಮ್ಮ ಹೇಳಿಕೊಟ್ರು. ಹಳ್ಳಿಗೆ ಹೋಗಿ, ಎಷ್ಟು ದಿಂಬು ಇಟ್ಕಂಡು ಮಲಗ್ತೀಯವ್ವಾ ಅಂದೆ. ಅವಳು ನನ್ನ ಮುಖ ನೋಡಿ, ನಮ್ಮನೇಲಿ ಇರೋದೇ ಒಂದು ದಿಂಬು ನರ್ಸಮ್ಮ, ಅದು ನಮ್ಮ ಮಾವಂದು ಅಂದ್ಲು. ಆವತ್ತಿಂದ ಪ್ರಶ್ನೆ ಬದಲಾಯಿಸಿದೆ. ರಾತ್ರಿ ಎದ್ದು ಕೂತ್ಕತೀಯಾ? ಗೋಡೆಗೆ ಒರಗ್ತೀಯಾ? ಮೂಟೆಗೆ ಒರಗ್ತೀಯಾ? ಅವಳನ್ನ ಕೇಳಿ, ಆಮೇಲೆ ಪಕ್ಕದಲ್ಲಿ ಮಲಗೋರನ್ನೂ ಕೇಳ್ತಿದ್ದೆ. ಇವಳು ಇಲ್ಲ ಅಂತಾಳೆ, ಗಂಡ ಹೂಂ ಅಂತಾನೆ.

— ಯಾರಾದರೂ ಸಿಕ್ಕಿದರಾ?

— ಮೂರು ಜನ. ಅಷ್ಟೂ ವರ್ಷದಲ್ಲಿ ಮೂರೇ. ಮೂರು ಜನವೂ ಈಗ ಅಜ್ಜೀರಾಗೋ ವಯಸ್ಸು.

— ಒಂದು ತಮಾಷೆ ಹೇಳ್ಲಾ? ಈ ಸ್ಟೆತಸ್ಕೋಪ್ ಹುಟ್ಟಿದ್ದೇ ಒಬ್ಬ ಹೆಣ್ಣಿಗೋಸ್ಕರ. 1816ರಲ್ಲಿ ಪ್ಯಾರಿಸ್‌ನ ಲೆನೆಕ್ ಅನ್ನೋ ಡಾಕ್ಟರ ಹತ್ತಿರ ಹೃದ್ರೋಗದ ಲಕ್ಷಣ ಇದ್ದ ಎಳೆ ಹೆಂಗಸು ಬಂದಳು. ಎದೆಗೆ ನೇರವಾಗಿ ಕಿವಿ ಇಡೋಕೆ ಸಂಕೋಚ. ಕಾಗದ ಸುರುಳಿ ಸುತ್ತಿ ಒಂದು ತುದಿ ಅವಳ ಎದೆಗೆ, ಇನ್ನೊಂದು ತನ್ನ ಕಿವಿಗೆ ಇಟ್ಟ. ಸಂಕೋಚ ದಾಟೋಕೆ ಅಂತ ಹುಟ್ಟಿದ ಉಪಕರಣ ಇನ್ನೂರು ವರ್ಷ ಆದ್ರೂ ನಮ್ಮ ಬಸುರಿಯರ ಸೆರಗು ದಾಟಿಲ್ಲ.

— ಸಂಕೋಚ ಅಂತ ಅವರ ಮೇಲೆ ಹಾಕಬೇಡ, ಹೊಟ್ಟೆ ತೋರಿಸಕ್ಕೆ ಅವರು ನಾಚ್ಕಂತಾರಾ? ಪುರುಸೊತ್ತಿಲ್ಲದೋರು ನಾವು. ಇನ್ನೊಂದು ಹೇಳ್ತೀನಿ, ಕೆಟ್ಟ ಅನ್ನಿಸಿದ್ರೂ ಹೇಳ್ತೀನಿ. ನಮ್ಮ ಜಿಲ್ಲೇಲಿ ಸ್ಕ್ಯಾನಿಂಗ್ ಅಂದ ತಕ್ಷಣ ಜನಕ್ಕೆ ನೆನಪಾಗೋದು ಏನು? 2023ರಲ್ಲಿ ಮಂಡ್ಯದ ಹತ್ರ ಆಲೆಮನೇಲಿ ಮಿಷನ್ ಇಟ್ಕಂಡು ಹೆಣ್ಣೋ ಗಂಡೋ ನೋಡ್ತಿದ್ದೋರು ಸಿಕ್ಕಿಬಿದ್ರಲ್ಲ! ಬೆಲ್ಲದ ಕೊಪ್ಪರಿಗೆ ಪಕ್ಕ. ಹೊಟ್ಟೆಯೊಳಗಿರೋದು ಏನು ಅಂತ ತಿಳಿಯಕ್ಕೆ ಸಾವಿರಾರು ರೂಪಾಯಿ ಸುರಿದು ಕಬ್ಬಿನ ಗದ್ದೆ ಒಳಕ್ಕೆ ಹೋದ್ರು. ಅದೇ ಅಲೆ ಬಿಟ್ಟು ನೋಡೋ ಇನ್ನೊಂದು ಮಿಷನ್ನು, ಎಕೋ, ಹೊತ್ತಿರೋಳ ಎದೆ ನೋಡ್ತದೆ. ಅದಕ್ಕೆ ಮೈಸೂರಿಗೆ ಹೋಗಿ ಅಂದ್ರೆ, ಯಾಕೆ ಸುಮ್ನೆ ಖರ್ಚು ಅಂತಿದ್ರು.

— ಈಗ ಎಕೋಗೆ ಅಷ್ಟು ಖರ್ಚಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಲ್ಲಿ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡಿದ್ರೆ ಆರೋಗ್ಯ ಕರ್ನಾಟಕ ಯೋಜನೆ ಇದೆ.

— 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಲಿ ಬಂದಾಗ ಆ ಜಯದೇವದ ಮುಂದೆ ಜಾತ್ರೆ ಸೇರಿತ್ತಲ್ಲ. ನಮ್ಮ ಬೀದಿಯ ಮೂರು ಜನ ಗಂಡಸರು ಬೆಳಗ್ಗೆ ನಾಲ್ಕಕ್ಕೇ ಹೋಗಿ ಸಾಲು ನಿಂತ್ರು, ಬೀಡಿ ಸೇದ್ಕಂಡು.

— ಅವರು ಹೋಗಿದ್ದರಲ್ಲಿ ತಪ್ಪಿಲ್ಲ ಬಿಡಿ. ಆದ್ರೆ ಆ ಸಾಲಲ್ಲಿ ಬಸುರಿಯರು ಎಷ್ಟು ಜನ ಇದ್ದರೋ! ಹೃದಯ ಅಂದ್ರೆ ನಲವತ್ತು ದಾಟಿದ ಗಂಡಸಿನದು ಅನ್ನೋ ಹಾಗೆ ಆಗಿದೆ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವು ಅಂದ ಕೂಡಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ ಕೇಳೋ ಅಭ್ಯಾಸ ಬೆಳೀತಿದೆ. ಒಳ್ಳೆಯದೇ. ಬಸುರಿ ಉಸಿರು ಕಟ್ಟುತ್ತೆ ಅಂದಾಗಲೂ ಅಷ್ಟೇ ಆತುರ ಬರಬೇಕು.

— ಇನ್ನು ಬಾಣಂತನ. ಆ ನಾಗಮಂಗಲದ ಹುಡುಗೀದು ಮೂರೇ ದಿನಕ್ಕೆ ಮುಗೀತು. ತಿಂಗಳು ಕಳೆದ ಮೇಲೆ ಉಸಿರು ಕಟ್ಟಿದೋರನ್ನೂ ನೋಡಿದ್ದೀನಿ. ಅದು ಬೇರೆಯೇನೋ ಅಲ್ವಾ?

— ಅದು ಬೇರೆ. ಕವಾಟ ಚೆನ್ನಾಗೇ ಇರುತ್ತೆ, ಹೃದಯದ ಸ್ನಾಯುವೇ ಸೋಲುತ್ತೆ. ಒಂಬತ್ತನೇ ತಿಂಗಳಿಂದ ಹಿಡಿದು ಹೆರಿಗೆಯಾದ ಐದು ತಿಂಗಳೊಳಗೆ ಬರಬಹುದು. ಮುಂಚೆ ಏನೂ ಇಲ್ಲದ ಗಟ್ಟಿ ಹೆಣ್ಣಿಗೂ ಬರುತ್ತೆ. ಅವಳಿ ಮಕ್ಕಳಾದವರಿಗೆ, ಬಸುರಲ್ಲಿ ಬಿಪಿ ಏರಿದವರಿಗೆ ಹೆಚ್ಚು. ಬೇಗ ಗೊತ್ತಾಗಿ ಮಾತ್ರೆ ಶುರುಮಾಡಿದ್ರೆ ಅರ್ಧಕ್ಕರ್ಧ ಜನರ ಹೃದಯ ಮೊದಲಿನ ಹಾಗಾಗುತ್ತೆ.

— ನಮ್ಮಲ್ಲಿ ಹೆಂಗೆ ಗೊತ್ತಾಗಬೇಕು? ಬಾಣಂತಿ ಕೆಮ್ಮಿದ್ರೆ ಶೀತ. ಮೈ ಊದಿದ್ರೆ ನೀರು ಜಾಸ್ತಿ ಕುಡಿದ್ಲು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಸೀರೆ ಬಿಗಿದು, ಸಾಂಬ್ರಾಣಿ ಹೊಗೆ ಹಾಕಿ ಬಾಗಿಲು ಮುಚ್ಚೋದು. ಉಸಿರು ಸಿಗ್ತಿಲ್ಲ ಅಂದ್ರೆ ಇನ್ನೊಂದಿಷ್ಟು ಹೊಗೆ. ಬಡಬಡಿಸಿದ್ರೆ ಸನ್ನಿ, ಬೇವಿನ ಸೊಪ್ಪು ತತ್ತಾ. ನಾನು ಬಾಣಂತನ ಬೈಯೋಳಲ್ಲ ಕಣವ್ವ. ಮೂರು ತಿಂಗಳು ಕೆಲಸಕ್ಕೆ ಹಚ್ಚದೆ, ಎಣ್ಣೆ ನೀರು ಹಾಕಿ ನೋಡ್ಕಳೋದು ಎಷ್ಟು ಜನಕ್ಕೆ ಸಿಕ್ತದೆ? ಆದ್ರೆ ಮುಚ್ಚಿದ ಬಾಗಿಲ ಹಿಂದೆ ಅವಳು ಮಲಗಿದ್ದಾಳಾ ಕೂತಿದ್ದಾಳಾ ಅಂತ ನೋಡಬೇಕಲ್ಲ.

— ಹಾಸನದ ಸುದ್ದಿಗಳಲ್ಲಿ ಒಬ್ಬ ಬಾಣಂತಿಯ ಸಾವೂ ಬಂದಿತ್ತು, ನೆನಪಿದೆಯಾ? ಎರಡು ದಿನ ಮಾತಾಡಿ ಬಿಟ್ಟರು. ಬ್ರಿಟನ್‌ನಲ್ಲಿ 1952ರಿಂದ ಪ್ರತಿ ತಾಯಿಯ ಸಾವನ್ನೂ ಹೆಸರು ಬಹಿರಂಗ ಮಾಡದೆ, ಯಾರನ್ನೂ ಗಲ್ಲಿಗೇರಿಸದೆ ಕೂತು ಶೋಧಿಸ್ತಾರೆ. 2009ರಿಂದ 2014ರವರೆಗೆ ಅಲ್ಲಿ ಹೃದಯದ ಕಾರಣಕ್ಕೆ ಸತ್ತ ತಾಯಂದಿರಲ್ಲಿ ಮುಕ್ಕಾಲು ಪಾಲು ಜನಕ್ಕೆ ಮೊದಲೇ ಕಾಯಿಲೆ ಇದ್ದದ್ದು ಗೊತ್ತಿರಲಿಲ್ಲ. ಅಷ್ಟು ಮುಂದುವರಿದ ದೇಶದಲ್ಲಿ! ಕೇರಳದವರು 2004ರಲ್ಲೇ ಅಂಥ ಶೋಧನೆ ಶುರುಮಾಡಿದ್ರು. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ಕೇರಳದಲ್ಲಿ ಸತ್ತ ತಾಯಂದಿರು 19, ನಮ್ಮಲ್ಲಿ 69. ಎಲ್ಲಾ ಹೃದಯದ್ದಲ್ಲ, ರಕ್ತಸ್ರಾವ, ಬಿಪಿ, ನಂಜು ಎಲ್ಲಾ ಸೇರಿ. ಆದ್ರೂ.

— ಲೆಕ್ಕ ಬಿಡು. ನಿನ್ನ ಆ ಬಾಣಂತಿಗೆ ಇನ್ನು ಏನು ಮಾಡ್ತಾರೆ?

— ಬಲೂನ್. ತೊಡೆಸಂದಿಯ ರಕ್ತನಾಳದಿಂದ ತೂರಿಸಿ, ಕವಾಟದ ಬಾಯಲ್ಲಿ ಉಬ್ಬಿಸಿ ಬಿಡಿಸ್ತಾರೆ. ಎದೆ ಸೀಳೋದಿಲ್ಲ. 1980ರ ದಶಕದಲ್ಲಿ ಜಪಾನಿನ ಇನೋಯೆ ಅನ್ನೋ ಸರ್ಜನ್ ಕಂಡುಹಿಡಿದದ್ದು. ಆರನೇ ತಿಂಗಳಲ್ಲೇ ಗೊತ್ತಾಗಿದ್ದಿದ್ರೆ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಬಸುರಲ್ಲೇ ಮಾಡಬಹುದಿತ್ತು, ಜಯದೇವದಲ್ಲಿ ಎಷ್ಟೋ ಬಸುರಿಯರಿಗೆ ಮಾಡಿದ್ದಾರೆ. ಮೊನ್ನೆ ರಾತ್ರಿಯ ನೊರೆ ನೋಡಬೇಕಾಗ್ತಿರಲಿಲ್ಲ. ಇನ್ನು ಮೂರನೇ ಮಗು ಬೇಡ ಅಂತಾನೂ ಹೇಳಬೇಕು. ಅವಳ ಅತ್ತೆ ನನ್ನ ಮೇಲೆ ಈಗಾಗಲೇ ಸಿಟ್ಟಾಗಿದ್ದಾರೆ, ಎರಡೂ ಹೆಣ್ಣು.

— ನಾನು ಬಂದು ಮಾತಾಡ್ತೀನಿ ಬಿಡು. ಆ ವಯಸ್ಸಿನೋರು ನಿನ್ನ ಮಾತು ಕೇಳಲ್ಲ, ನನ್ನ ಮಾತಾದ್ರೆ ಬೈಕಂಡಾದ್ರೂ ಕೇಳ್ತಾರೆ. ನಾಳೆ ಎಷ್ಟನೇ ತಾರೀಖು?

— ಒಂಬತ್ತು. ತಿಂಗಳ ಒಂಬತ್ತಕ್ಕೆ ಬಸುರಿಯರ ತಪಾಸಣೆ, 2016ರಿಂದ ನಡೀತಿದೆಯಲ್ಲ, ಅದು. ಅರವತ್ತು ಜನ ಆಗ್ತಾರೆ.

— ಒಬ್ಬೊಬ್ಬರ ಎದೆ ಕೇಳಕ್ಕೆ ಎಷ್ಟು ಹೊತ್ತು ಬೇಕು?

— ಎಡ ಮಗ್ಗುಲಿಗೆ ಮಲಗಿಸಿ, ನಿಗಾ ಇಟ್ಟು ಕೇಳಿದ್ರೆ ಎರಡು ನಿಮಿಷ. ಕವಾಟದ ಆ ಗುಡುಗುಡು ಸದ್ದು ಬಲು ಸಣ್ಣದು, ಗಲಾಟೆಯಲ್ಲಿ ಕೇಳಲ್ಲ. ಅನುಮಾನ ಬಂದವರಿಗೆ ಎಕೋ.

— ಅರವತ್ತು ಜನಕ್ಕೆ ಎರಡು ಗಂಟೆ. ಬೆಳಗ್ಗೆ ಒಂದು ಗಂಟೆ ಮುಂಚೆ ಹೋಗು, ಫ್ಯಾನ್ ಆರಿಸಿ ಕೇಳು. ಆ ಆಶಾ ಹುಡುಗೀರಿಗೆ ಫೋನ್ ಮಾಡಿ ಹೇಳು, ಬರುವಾಗ ಅತ್ತೇನೋ ಅವ್ವನೋ, ರಾತ್ರಿ ಪಕ್ಕದಲ್ಲಿ ಮಲಗೋರು ಯಾರಿದ್ದರೆ ಅವರನ್ನೂ ಕರ್ಕಂಡು ಬರಲಿ. ಕೇಳದೆ ಇದ್ದ ಎದೆಗೆ 'ಎನ್' ಬರೀಬೇಡಿ ಅಂತ ನರ್ಸುಗಳಿಗೂ ಹೇಳು, ಪುರುಸೊತ್ತಾಗದಿದ್ರೆ ಚೌಕ ಖಾಲಿ ಬಿಡಲಿ. ಖಾಲಿ ಇದ್ರೆ ಮುಂದಿನೋರಾದ್ರೂ ಕೇಳ್ತಾರೆ.